ಬರೆಯಲು ಕಷ್ಟಪಡುವ ಮಕ್ಕಳಿಗೆ ಕಡಿಮೆ ಖರ್ಚಿನ ಕಲಿಕೋಪಕರಣಗಳು

ಬೋಧನಾಭ್ಯಾಸದ ಅವಧಿಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳು ಸಿದ್ಧಪಡಿಸುವ ಪಾಠೋಪಕರಣಗಳಲ್ಲಿ ಹೆಚ್ಚಿನವು ತೋರಿಸುವುದಕ್ಕೆಂದೇ ಮಾಡಿದವು. ಬಣ್ಣದ ಚಾರ್ಟು, ಮಿಂಚುಪಟ್ಟಿ, ಥರ್ಮಾಕೋಲಿನ ಮಾದರಿ ಇವೆಲ್ಲ ಶಿಕ್ಷಕರ ಕೈಯಲ್ಲಿರುತ್ತವೆ, ಮಕ್ಕಳು ದೂರದಿಂದ ನೋಡುತ್ತಾರೆ. ವೀಕ್ಷಕರು ಅಂಕ ಹಾಕಿ ಹೋದ ಮೇಲೆ ಅವುಗಳಲ್ಲಿ ಬಹಳಷ್ಟು ಬೀರುವಿನ ಮೇಲೆ ಧೂಳು ಹಿಡಿಯುತ್ತವೆ. ಈ ಲೇಖನದ ವಿಷಯ ಇನ್ನೊಂದು ಬಗೆಯ ಉಪಕರಣ. ಅದು ಮಗುವಿನ ಕೈಯಲ್ಲಿ, ಮಗುವಿನ ಪುಟದ ಕೆಳಗೆ, ಮಗುವಿನ ಪೆನ್ಸಿಲಿನ ಮೇಲೆ ಇರುತ್ತದೆ. ನೋಡುವುದಕ್ಕೆ ಅಂದವಿಲ್ಲದಿರಬಹುದು, ಆದರೆ ಅದಿಲ್ಲದೆ ಕೆಲವು ಮಕ್ಕಳು ಒಂದು ಪುಟ ಬರೆಯಲಾರರು.

ಯಾವ ಶಾಲೆಗೆ ಹೋದರೂ ಇಂಥ ಮಕ್ಕಳು ಸಿಗುತ್ತಾರೆ. ಬಾಯಲ್ಲಿ ಕೇಳಿದರೆ ಉತ್ತರ ಹೇಳುತ್ತಾರೆ. ಬರೆ ಎಂದರೆ ಎರಡು ಸಾಲಿಗೆ ನಿಲ್ಲುತ್ತಾರೆ. ನಮ್ಮ ಮೌಲ್ಯಮಾಪನ ಬಹುಪಾಲು ಬರವಣಿಗೆಯ ಮೂಲಕವೇ ನಡೆಯುತ್ತದೆ. ಆದ್ದರಿಂದ ಬರವಣಿಗೆಯ ತೊಂದರೆ ಕನ್ನಡ ವಿಷಯಕ್ಕೆ ಸೀಮಿತವಾಗಿ ಉಳಿಯುವುದಿಲ್ಲ. ಗಿಡದ ಭಾಗಗಳನ್ನು ಬೆರಳಿಟ್ಟು ತೋರಿಸಬಲ್ಲ ಹುಡುಗ ವಿಜ್ಞಾನದಲ್ಲಿ ಹಿಂದೆ ಬೀಳುತ್ತಾನೆ; ಮನಸ್ಸಿನಲ್ಲೇ ಲೆಕ್ಕ ಮಾಡುವ ಹುಡುಗಿ ಗಣಿತದಲ್ಲಿ ಅಂಕ ಕಳೆದುಕೊಳ್ಳುತ್ತಾಳೆ. ನಾಲ್ಕೈದು ವರ್ಷ ಹೀಗೇ ನಡೆದರೆ ‘ಸೋಮಾರಿ’, ‘ದಡ್ಡ’ ಎಂಬ ಹೆಸರು ಅಂಟಿಕೊಳ್ಳುತ್ತದೆ. ಹೈಸ್ಕೂಲಿಗೆ ಬರುವ ಹೊತ್ತಿಗೆ ಮಗುವೇ ಅದನ್ನು ನಂಬಿರುತ್ತದೆ.

ಬರವಣಿಗೆ ಒಂದೇ ಕೆಲಸವಲ್ಲ

ಬರೆಯುವಾಗ ಹಲವು ಕೆಲಸಗಳು ಒಟ್ಟಿಗೆ ನಡೆಯುತ್ತವೆ. ಮೈ ಸ್ಥಿರವಾಗಿ ಕೂರಬೇಕು. ಬೆರಳುಗಳು ಪೆನ್ಸಿಲನ್ನು ಹಿಡಿದು ನಡೆಸಬೇಕು. ಕಣ್ಣು ಗೆರೆಯನ್ನೂ ಅಕ್ಷರದ ಅಳತೆಯನ್ನೂ ಗಮನಿಸಬೇಕು. ಕೇಳಿದ ಧ್ವನಿಗೆ ತಕ್ಕ ಅಕ್ಷರ, ಗುಣಿತ, ಒತ್ತು ನೆನಪಿಗೆ ಬರಬೇಕು. ಇದೆಲ್ಲದರ ಮೇಲೆ ಹೇಳಬೇಕಾದ ಮಾತು ವಾಕ್ಯವಾಗಿ ಮನಸ್ಸಿನಲ್ಲಿ ನಿಂತಿರಬೇಕು. ಚೆನ್ನಾಗಿ ಬರೆಯುವವರಲ್ಲಿ ಮೊದಲಿನ ಕೆಲಸಗಳು ರೂಢಿಯಾಗಿ ತಾವಾಗಿಯೇ ನಡೆಯುತ್ತವೆ, ಗಮನವೆಲ್ಲ ವಿಷಯದ ಮೇಲಿರುತ್ತದೆ. ಕಷ್ಟಪಡುವ ಮಗುವಿನ ಗಮನವೆಲ್ಲ ಅಕ್ಷರ ಮೂಡಿಸುವುದರಲ್ಲೇ ಖರ್ಚಾಗುತ್ತದೆ. ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲು ಏನು ಯೋಚಿಸಿತ್ತೋ ಅದು ಮರೆತುಹೋಗಿರುತ್ತದೆ.

ಆದ್ದರಿಂದ ‘ಬರವಣಿಗೆ ಸರಿಯಿಲ್ಲ’ ಎಂದಷ್ಟೇ ದಾಖಲಿಸಿದರೆ ಪ್ರಯೋಜನವಿಲ್ಲ. ಕೆಲಸ ಎಲ್ಲಿ ತಡೆಯುತ್ತಿದೆ ಎಂಬುದು ತಿಳಿದರೆ ಯಾವ ನೆರವು ಬೇಕೆಂಬುದು ತಾನಾಗಿ ತಿಳಿಯುತ್ತದೆ.

ಮೊದಲು ನಾಲ್ಕು ಮಾದರಿಗಳು

ಉಪಕರಣ ತಯಾರಿಸುವ ಮೊದಲು ಮಗುವಿನಿಂದ ನಾಲ್ಕು ಚಿಕ್ಕ ಬರಹಗಳನ್ನು ಪಡೆಯಿರಿ. ಒಂದೇ ದಿನ ಬೇಡ; ಎರಡು ಮೂರು ದಿನಗಳಲ್ಲಿ, ಪರೀಕ್ಷೆ ಎನ್ನಿಸದಂತೆ ಪಡೆಯಬೇಕು.

1. ಪಕ್ಕದಲ್ಲಿಟ್ಟ ಚೀಟಿಯನ್ನು ನೋಡಿ ಮೂರು ಸಾಲು ಬರೆಯುವುದು.
2. ಅಂಥದೇ ಮೂರು ಸಾಲನ್ನು ಕಪ್ಪುಹಲಗೆ ನೋಡಿ ಬರೆಯುವುದು.
3. 10 ಪರಿಚಿತ ಪದಗಳ ಉಕ್ತಲೇಖನ.
4. ನಿಮ್ಮೂರ ಜಾತ್ರೆಯ ಬಗ್ಗೆಯೋ ಮನೆಯ ದನಕರುಗಳ ಬಗ್ಗೆಯೋ ಮೊದಲು ಬಾಯಲ್ಲಿ ಹೇಳಿ, ಆಮೇಲೆ ಬರೆಯುವುದು.

ಇವನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಚೀಟಿ ನೋಡಿ ಬರೆದದ್ದೇ ವಕ್ರವಾಗಿದ್ದು, ಕೈ ಬೇಗ ನೋಯುತ್ತಿದ್ದರೆ ತಡೆ ಇರುವುದು ಕೈಯಲ್ಲಿ ಅಥವಾ ಪುಟದ ಮೇಲಿನ ಜಾಗವನ್ನು ಬಳಸುವುದರಲ್ಲಿ. ಚೀಟಿಯಿಂದ ಬರೆದದ್ದು ಸರಿಯಿದ್ದು ಹಲಗೆಯಿಂದ ಬರೆದದ್ದರಲ್ಲಿ ಪದ, ಸಾಲುಗಳೇ ಬಿಟ್ಟುಹೋಗಿದ್ದರೆ ದೃಷ್ಟಿಯನ್ನು, ಕೂರುವ ಜಾಗವನ್ನು ಮೊದಲು ವಿಚಾರಿಸಬೇಕು. ನೋಡಿ ಬರೆಯುವುದು ಎರಡೂ ಸರಿಯಿದ್ದು ಉಕ್ತಲೇಖನದಲ್ಲಿ ಎಡವಿದರೆ ಧ್ವನಿಗೂ ಅಕ್ಷರಕ್ಕೂ ನಂಟು ಗಟ್ಟಿಯಾಗಿಲ್ಲ. ಮೂರೂ ಸರಿಯಿದ್ದು ನಾಲ್ಕನೆಯದು ಒಂದು ಸಾಲಿಗೆ ನಿಂತರೆ ಕೊರತೆ ಇರುವುದು ಮಾತನ್ನು ವಾಕ್ಯವಾಗಿ ಹಿಡಿದಿಡುವುದರಲ್ಲಿ.

ಉದಾಹರಣೆಗೆ ಆರನೇ ತರಗತಿಯ ಹುಡುಗಿಯೊಬ್ಬಳ ಅಕ್ಷರ ಮುತ್ತಿನಂತಿದೆ, ನೋಟ್ಸು ಪೂರ್ತಿಯಾಗಿದೆ ಎಂದುಕೊಳ್ಳಿ. ಉಕ್ತಲೇಖನದಲ್ಲಿ ಅವಳು ‘ಅಕ್ಕ’ ಎಂಬುದನ್ನು ‘ಅಕ’ ಎಂದು, ‘ಹಳ್ಳಿ’ ಎಂಬುದನ್ನು ‘ಹಳಿ’ ಎಂದು ಬರೆಯುತ್ತಾಳೆ. ಇವಳಿಗೆ ಕಾಪಿ ಬರಹ ಹೆಚ್ಚಿಸಿದರೆ ಏನೂ ಆಗುವುದಿಲ್ಲ. ಕಾಪಿ ಮಾಡುವುದು ಅವಳಿಗೆ ಆಗಲೇ ಬರುತ್ತದೆ. ಅವಳಿಗೆ ಬೇಕಾದದ್ದು ಒತ್ತಕ್ಷರದ ಧ್ವನಿಯನ್ನು ಕಿವಿಯಲ್ಲಿ ಹಿಡಿಯುವ ಅಭ್ಯಾಸ.

ಮಗುವಿನ ಮನೆಮಾತನ್ನೂ ಕೇಳಿ ತಿಳಿಯಿರಿ. ಮನೆಯಲ್ಲಿ ಲಂಬಾಣಿ, ತುಳು, ಉರ್ದು, ಕೊಂಕಣಿ ಆಡುವ ಮಗು ಕನ್ನಡ ವಾಕ್ಯಕ್ಕೆ ತಡವರಿಸಿದರೆ ಅದು ಭಾಷೆಯ ಪರಿಚಯದ ಪ್ರಶ್ನೆಯೇ ಹೊರತು ಬರವಣಿಗೆಯ ದೋಷವಲ್ಲ.

ಕೈಗೆ ನೆರವು

ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದ ಪೆನ್ಸಿಲು ನಡುಬೆರಳಿನ ಮೇಲೆ ಒರಗುವುದು ಸಾಮಾನ್ಯ ಕ್ರಮ. ಮಗು ಮುಷ್ಟಿಯಲ್ಲಿ ಹಿಡಿಯುತ್ತಿದ್ದರೆ ಸುಮಾರು ಎರಡು ಅಂಗುಲದ ಪೆನ್ಸಿಲ್ ತುಂಡು ಕೊಡಿ. ಅಷ್ಟು ಚಿಕ್ಕದನ್ನು ಮುಷ್ಟಿಯಲ್ಲಿ ಹಿಡಿದು ಬರೆಯಲಾಗದು, ಬೆರಳ ತುದಿಗಳು ತಾವಾಗಿ ಮುಂದೆ ಬರುತ್ತವೆ. ಉಂಗುರ ಬೆರಳು, ಕಿರುಬೆರಳುಗಳ ಕೆಳಗೆ ಒಂದು ಹುಣಸೆ ಬೀಜವನ್ನೋ ಕಾಗದದ ಉಂಡೆಯನ್ನೋ ಹಿಡಿದು ಬರೆಯಲು ಹೇಳಿದರೆ ಆ ಎರಡು ಬೆರಳು ಮಡಚಿ ನಿಂತು ಉಳಿದ ಮೂರಕ್ಕೆ ಆಸರೆಯಾಗುತ್ತವೆ. ಬೆರಳು ಜಾರುತ್ತಿದ್ದರೆ ಹಳೆಯ ಸೈಕಲ್ ಟ್ಯೂಬಿನ ಚೂರನ್ನು ಪೆನ್ಸಿಲಿಗೆ ಸುತ್ತಿ, ಅಥವಾ ಮೊನೆಯಿಂದ ಒಂದು ಅಂಗುಲ ಮೇಲೆ ರಬ್ಬರ್ ಬ್ಯಾಂಡನ್ನು ಒತ್ತಾಗಿ ಸುತ್ತಿ. ಅಂಗೈ ಬೆವರುವ ಮಕ್ಕಳಿಗೆ ಹತ್ತಿಬಟ್ಟೆಯ ಪಟ್ಟಿ ವಾಸಿ. ಬೇರೆ ರೀತಿ ಹಿಡಿದೂ ನೋವಿಲ್ಲದೆ, ಓದುವಂತೆ, ಸಾಕಷ್ಟು ವೇಗವಾಗಿ ಬರೆಯುವ ಮಗುವಿನ ಹಿಡಿತವನ್ನು ಬದಲಿಸಲು ಹೋಗಬೇಡಿ.

ಕೆಲವರು ಪುಟ ಹರಿಯುವಷ್ಟು ಒತ್ತಿ ಬರೆದರೆ ಕೆಲವರ ಬರಹ ಕಣ್ಣಿಗೇ ಕಾಣದಷ್ಟು ತೆಳು. ಇಬ್ಬರಿಗೂ ಕಾರ್ಬನ್ ಕಾಗದ ಒಳ್ಳೆಯ ಗುರು. ಒತ್ತಿ ಬರೆಯುವವನಿಗೆ ‘ಕೆಳಗಿನ ಹಾಳೆಯಲ್ಲಿ ಗುರುತು ಮೂಡಬಾರದು’ ಎನ್ನಿ. ತೆಳುವಾಗಿ ಬರೆಯುವವಳಿಗೆ ‘ಕೆಳಗಿನ ಹಾಳೆಯಲ್ಲೂ ಓದುವಂತಿರಬೇಕು’ ಎನ್ನಿ. ತನ್ನ ಒತ್ತಡ ಎಷ್ಟೆಂಬುದು ಮಗುವಿಗೇ ಕಾಣುತ್ತದೆ, ನಾವು ಹೇಳಬೇಕಾಗಿಲ್ಲ.

ನೆಲದ ಮೇಲೆ ಕೂರುವ ಮಕ್ಕಳು ತೊಡೆಯ ಮೇಲೆ ಪುಸ್ತಕವಿಟ್ಟು ಬೆನ್ನು ಬಾಗಿಸಿ ಬರೆಯುತ್ತಾರೆ. ಎರಡು ಇಟ್ಟಿಗೆಯ ಮೇಲೆ ಒಂದು ಹಲಗೆ ಇಟ್ಟರೂ ಇದಕ್ಕೆ ಪರಿಹಾರವಾಗುತ್ತದೆ. ಬೆಂಚಿನ ಮೇಲೆ ಕೂತು ಕಾಲು ತೂಗಾಡುವ ಮಗುವಿಗೆ ಕಾಲಡಿಗೆ ಕಾಗದ ಸುತ್ತಿದ ಇಟ್ಟಿಗೆ ಇಡಿ. ಪಾದ ಊರಿದರೆ ಮೈ ನಿಲ್ಲುತ್ತದೆ, ಮೈ ನಿಂತರೆ ಕೈ ನಿಲ್ಲುತ್ತದೆ. ದಪ್ಪ ಬಾಕ್ಸ್ ಫೈಲನ್ನು ಅದರ ಎತ್ತರದ ಬದಿ ಮಗುವಿನಿಂದ ಆಚೆಗೆ ಬರುವಂತೆ ಇಟ್ಟರೆ ಸುಮಾರು 20 ಡಿಗ್ರಿ ಇಳಿಜಾರಿನ ಹಲಗೆ ಸಿದ್ಧ. ಇದರ ಮೇಲೆ ಮಣಿಕಟ್ಟು ಸಹಜವಾಗಿ ಹಿಂದಕ್ಕೆ ಬಾಗುತ್ತದೆ, ಕತ್ತು ತಗ್ಗಿಸುವುದು ಕಡಿಮೆಯಾಗುತ್ತದೆ. ರಟ್ಟಿನ ಪೆಟ್ಟಿಗೆಯನ್ನು ಓರೆಯಾಗಿ ಕತ್ತರಿಸಿಯೂ ಇದನ್ನು ಮಾಡಬಹುದು. ನಲಿಕಲಿ ತರಗತಿಗಳಲ್ಲಿ ಗೋಡೆಯ ಕೆಳಭಾಗದಲ್ಲಿ ಮಕ್ಕಳಿಗೆಂದು ಇರುವ ಕಪ್ಪುಹಲಗೆಯೂ ಇದೇ ಉಪಕಾರ ಮಾಡುತ್ತದೆ; ನಿಂತು ದೊಡ್ಡದಾಗಿ ಬರೆಯುವಾಗ ಭುಜ, ಮೊಣಕೈ, ಮಣಿಕಟ್ಟು ಎಲ್ಲಕ್ಕೂ ಕೆಲಸ ಸಿಗುತ್ತದೆ.

ಬಲಗೈಯಲ್ಲಿ ಬರೆಯುವ ಮಗುವಿನ ಪುಟದ ಮೇಲಂಚು ಸ್ವಲ್ಪ ಎಡಕ್ಕೆ ವಾಲಿರಬೇಕು, ಎಡಗೈಯವರಿಗೆ ಬಲಕ್ಕೆ. ಎಡಗೈಯವರು ಪೆನ್ಸಿಲನ್ನು ತುಸು ಮೇಲೆ ಹಿಡಿದರೆ ಬರೆದದ್ದು ಕಾಣುತ್ತದೆ, ಒರೆಸಿಹೋಗುವುದಿಲ್ಲ. ಅವರನ್ನು ಬೆಂಚಿನ ಎಡತುದಿಯಲ್ಲಿ ಕೂರಿಸಿದರೆ ಪಕ್ಕದವರ ಮೊಣಕೈ ತಾಗುವುದಿಲ್ಲ. ಎಡಗೈ ಬರಹವನ್ನು ಬಲಗೈಗೆ ತಿರುಗಿಸುವ ಪ್ರಯತ್ನ ಬೇಡವೇ ಬೇಡ.

ಬೆರಳುಗಳಿಗೆ ಬಲ ಬರಲು ನಮ್ಮ ಮನೆಗಳಲ್ಲೇ ಸಾಮಗ್ರಿ ಇದೆ. ಅಳಗುಳಿಮಣೆಯಲ್ಲಿ ಕಾಳು ಎತ್ತಿ ಹಾಕುವುದು, ಹೂ ಕಟ್ಟುವುದು, ಜೇಡಿಮಣ್ಣಿನಲ್ಲಿ ಆಕೃತಿ ಮಾಡುವುದು, ಬಟ್ಟೆ ಕ್ಲಿಪ್ಪುಗಳನ್ನು ರಟ್ಟಿನ ಅಂಚಿಗೆ ಸಿಕ್ಕಿಸುವುದು ಎಲ್ಲವೂ ಮೂರು ಬೆರಳಿನ ಕೆಲಸ. ಚುಕ್ಕಿ ರಂಗೋಲಿಯಂತೂ ಕನ್ನಡ ಅಕ್ಷರಕ್ಕೆ ಹೇಳಿ ಮಾಡಿಸಿದ ಅಭ್ಯಾಸ. ಚುಕ್ಕಿಯನ್ನು ಬಳಸಿ ಬಾಗುವ ಗೆರೆ ಎಳೆದ ಕೈಗೆ ದುಂಡನೆಯ ಅಕ್ಷರ ಕಷ್ಟವಾಗುವುದಿಲ್ಲ.

ಗೆರೆ ಮತ್ತು ಜಾಗಕ್ಕೆ ನೆರವು

ಕನ್ನಡ ಬರಹ ಒಂದೇ ಗೆರೆಯ ಮೇಲೆ ಸಾಗುವುದಿಲ್ಲ. ಅಕ್ಷರದ ಒಡಲು ನಡುವೆ ಇರುತ್ತದೆ. ತಲೆಕಟ್ಟು, ಗುಡಿಸು, ಏತ್ವ ಮೇಲೆ ಕೂರುತ್ತವೆ. ಒತ್ತಕ್ಷರ ಕೆಳಗೆ ಇಳಿಯುತ್ತದೆ. ಒಂಟಿ ಗೆರೆಯ ನೋಟ್‌ಬುಕ್ಕಿನಲ್ಲಿ ಒತ್ತಕ್ಷರಕ್ಕೆ ಜಾಗವೆಲ್ಲಿ ಎಂಬುದು ಮಗುವಿಗೆ ಕಾಣುವುದಿಲ್ಲ. ಕೆಲವರು ಒತ್ತನ್ನು ಅಕ್ಷರದಷ್ಟೇ ದೊಡ್ಡದಾಗಿ ಪಕ್ಕದಲ್ಲಿ ಬರೆಯುತ್ತಾರೆ, ಕೆಲವರು ಬಿಟ್ಟೇಬಿಡುತ್ತಾರೆ. ಇದಕ್ಕೆ ಮೂರು ಅಂತಸ್ತಿನ ಗೆರೆಹಾಳೆ ಮಾಡಿ. ಬಿಳಿ ಹಾಳೆಯಲ್ಲಿ ಕಪ್ಪು ಸ್ಕೆಚ್ ಪೆನ್ನಿನಿಂದ ಮೇಲೆ ಸಣ್ಣ ಅಂತಸ್ತು, ನಡುವೆ ದೊಡ್ಡದು, ಕೆಳಗೆ ಮತ್ತೊಂದು ಸಣ್ಣದು ಬರುವಂತೆ ಗೆರೆ ಎಳೆಯಿರಿ. ಮಕ್ಕಳಿಗೆ ಇದನ್ನು ‘ಆಕಾಶ, ನೆಲ, ಬೇರು’ ಎಂದು ಹೇಳಿಕೊಟ್ಟರೆ ನೆನಪಿರುತ್ತದೆ. ಈ ಹಾಳೆಯನ್ನು ತೆಳು ಪುಟದ ಕೆಳಗಿಟ್ಟರೆ ಗೆರೆಗಳು ಮೇಲೆ ಕಾಣುತ್ತವೆ. ಒಂದು ಹಾಳೆ ವರ್ಷವಿಡೀ ಬರುತ್ತದೆ.

ಗೆರೆ ಕಂಡರೂ ಅದರ ಮೇಲೆ ನಿಲ್ಲಲಾಗದ ಮಗುವಿಗೆ ಮುಟ್ಟಿ ತಿಳಿಯುವ ಗೆರೆ ಬೇಕು. ಪುಟದ ಗೆರೆಯ ಮೇಲೆ ಫೆವಿಕಾಲನ್ನು ಸಣ್ಣ ಧಾರೆಯಾಗಿ ಎಳೆದು ಒಂದು ರಾತ್ರಿ ಒಣಗಲು ಬಿಡಿ. ಉಬ್ಬಿದ ಗೆರೆಗೆ ಪೆನ್ಸಿಲಿನ ಮೊನೆ ತಾಗಿದಾಗ ಕೈ ತಾನಾಗಿ ನಿಲ್ಲುತ್ತದೆ. ಸಾಲು ತಪ್ಪುವವರಿಗೆ ರಟ್ಟಿನಲ್ಲಿ ಒಂದೇ ಸಾಲು ಕಾಣುವಷ್ಟು ಉದ್ದನೆಯ ಕಿಂಡಿ ಕತ್ತರಿಸಿ ಕೊಡಿ. ಸಾಲು ಮುಗಿದಂತೆ ಕೆಳಗೆ ಸರಿಸುತ್ತಾರೆ. ಪದಗಳನ್ನು ಒಂದಕ್ಕೊಂದು ಅಂಟಿಸುವವರು ಪ್ರತಿ ಪದದ ಬಳಿಕ ಐಸ್‌ಕ್ರೀಮ್ ಕಡ್ಡಿಯನ್ನು ಇಟ್ಟು ಅದರಾಚೆ ಮುಂದಿನ ಪದ ಬರೆಯಲಿ.

ಗಣಿತದಲ್ಲಿ ಬಿಡಿ, ಹತ್ತು, ನೂರುಗಳು ಒಂದರ ಕೆಳಗೊಂದು ಬಾರದೆ ಲೆಕ್ಕ ತಪ್ಪುವ ಮಕ್ಕಳಿದ್ದಾರೆ. ಅವರಿಗೆ ಹೊಸ ಪುಸ್ತಕ ಬೇಡ. ಗೆರೆ ನೋಟ್‌ಬುಕ್ಕನ್ನು ಅಡ್ಡಲಾಗಿ ತಿರುಗಿಸಿದರೆ ಗೆರೆಗಳೇ ಕಂಬಸಾಲುಗಳಾಗುತ್ತವೆ. ಒಂದೊಂದು ಸಾಲಿನಲ್ಲಿ ಒಂದೊಂದು ಅಂಕಿ.

ಹಲಗೆಯಿಂದ ನಕಲು ಮಾಡುವಾಗ ಮಗು ತಲೆ ಎತ್ತಬೇಕು, ಜಾಗ ಹುಡುಕಬೇಕು, ನೆನಪಿಟ್ಟುಕೊಳ್ಳಬೇಕು, ತಲೆ ತಗ್ಗಿಸಿ ತನ್ನ ಪುಟದಲ್ಲಿ ಮತ್ತೆ ಜಾಗ ಹುಡುಕಬೇಕು. ಶಿಕ್ಷಕರು ಸಾಲುಗಳಿಗೆ ಅಂಕಿ ಹಾಕಿ, ಒಂದು ಬಿಟ್ಟು ಒಂದು ಸಾಲನ್ನು ಬಣ್ಣದ ಸೀಮೆಸುಣ್ಣದಲ್ಲಿ ಬರೆದರೆ ಈ ಹುಡುಕಾಟ ಅರ್ಧ ತಪ್ಪುತ್ತದೆ. ಅದೂ ಸಾಲದಿದ್ದರೆ ಅದೇ ಟಿಪ್ಪಣಿಯನ್ನು ಚೀಟಿಯಲ್ಲಿ ಬರೆದು ಮಗುವಿನ ಪಕ್ಕ ಇಡಿ.

ಅಕ್ಷರ ಮತ್ತು ಕಾಗುಣಿತಕ್ಕೆ ನೆರವು

ಅಕ್ಕಿಯ ಮೇಲೆ, ಮರಳಿನ ಮೇಲೆ ಬೆರಳಿನಿಂದ ತಿದ್ದುವುದು ನಮ್ಮಲ್ಲಿ ಹಳೆಯ ಪದ್ಧತಿ. ಮಾರಿಯಾ ಮಾಂಟೆಸ್ಸೊರಿ ತಮ್ಮ ಶಾಲೆಯಲ್ಲಿ ಒರಟು ಕಾಗದದ ಅಕ್ಷರಗಳ ಮೇಲೆ ಮಕ್ಕಳು ಬೆರಳಾಡಿಸುವಂತೆ ಮಾಡಿದ್ದರ ಹಿಂದೆಯೂ ಇದೇ ತಿಳಿವಳಿಕೆ ಇದೆ: ಅಕ್ಷರದ ಆಕಾರವನ್ನು ಕಣ್ಣಿನ ಜತೆ ಕೈಯೂ ನೆನಪಿಡುತ್ತದೆ. ಊಟದ ತಟ್ಟೆಯಲ್ಲಿ ತೆಳುವಾಗಿ ಜರಡಿ ಹಿಡಿದ ಮರಳು ಹರಡಿದರೆ ಮರಳುತಟ್ಟೆ ಸಿದ್ಧ. ಹಳೆಯ ಮದುವೆ ಆಮಂತ್ರಣದ ಗಟ್ಟಿ ಕಾಗದದ ಮೇಲೆ ಅಂಟಿನಿಂದ ಅಕ್ಷರ ಬರೆದು ಮರಳು ಉದುರಿಸಿ ಒಣಗಿಸಿದರೆ ಮರಳಕ್ಷರ ಸಿದ್ಧ. ಎಲ್ಲಿಂದ ಆರಂಭಿಸಬೇಕೋ ಅಲ್ಲಿ ಒಂದು ಕೆಂಪು ಚುಕ್ಕಿ, ಹೋಗಬೇಕಾದ ದಿಕ್ಕಿಗೆ ಒಂದು ಬಾಣ ಹಾಕಲು ಮರೆಯಬೇಡಿ. ಬೆರಳಾಡಿಸುವಾಗ ಮಗು ಆ ಅಕ್ಷರವನ್ನು ಬಾಯಲ್ಲೂ ಹೇಳಬೇಕು.

ಯಾವ ಅಕ್ಷರದಿಂದ ಆರಂಭಿಸುವುದು? ನಲಿಕಲಿಯಲ್ಲಿ ವರ್ಣಮಾಲೆಯ ಕ್ರಮ ಬಿಟ್ಟು ರ, ಗ, ಸ, ದ, ಅ, ಆಮೇಲೆ ಜ, ವ, ಮ, ಬ, ನ ಎಂದು ಕಲಿಸುವುದನ್ನು ನೀವು ನೋಡಿದ್ದೀರಿ. ಕೆಲವೇ ಅಕ್ಷರಗಳಿಂದ ‘ಸರ’, ‘ಗರಗಸ’, ‘ಮರ’, ‘ಜನ’ ಮುಂತಾದ ಪದಗಳು ಬೇಗ ಸಿಗುತ್ತವೆ. ಹಿಂದುಳಿದ ದೊಡ್ಡ ಮಗುವಿಗೂ ಇದೇ ದಾರಿ ಒಳ್ಳೆಯದು. ಒಂದನೇ ತರಗತಿಯ ಪುಸ್ತಕವನ್ನು ಮಾತ್ರ ಅದರ ಮುಂದೆ ಇಡಬೇಡಿ. ಅದರ ವಯಸ್ಸಿಗೆ ತಕ್ಕ ಪದಗಳ ಚೀಟಿ ಮಾಡಿ.

ಹೊರ ಆಕಾರ ಒಂದೇ ಇದ್ದು ಸಣ್ಣ ಗುರುತಿನಿಂದ ಬೇರೆಯಾಗುವ ಅಕ್ಷರಗಳು ಹೆಚ್ಚು ತೊಡಕು ಕೊಡುತ್ತವೆ: ದ, ಧ, ಥ, ಬ, ಭ, ಡ, ಢ, ಪ, ಷ, ಫ, ವ, ಮ. ಇವನ್ನು ಒಟ್ಟಿಗೆ ಕಲಿಸದೆ, ಒಂದು ಗಟ್ಟಿಯಾದ ಮೇಲೆ ಇನ್ನೊಂದನ್ನು ತನ್ನಿ. ಪಾರದರ್ಶಕ ಫೈಲ್ ಕವರಿನ ಚೂರು ಇಲ್ಲಿ ಉಪಯೋಗಕ್ಕೆ ಬರುತ್ತದೆ. ರಟ್ಟಿನ ಮೇಲೆ ‘ಪ’ ಬರೆದು, ಪ್ಲಾಸ್ಟಿಕ್ಕಿನ ಮೇಲೆ ‘ಷ’ದ ಒಳಗೆರೆ ಮಾತ್ರ ಕೆಂಪಿನಲ್ಲಿ ಬರೆದು ಮೇಲೆ ಇಟ್ಟು ತೆಗೆದರೆ ವ್ಯತ್ಯಾಸ ಎಲ್ಲಿದೆ ಎಂಬುದು ಕಣ್ಣಿಗೆ ಬೀಳುತ್ತದೆ.

ಗುಣಿತಕ್ಕೂ ಇದೇ ಉಪಾಯ. ತಲೆಕಟ್ಟಿಲ್ಲದ ಗ, ದ, ಸ, ತ ರಟ್ಟಿನ ಮೇಲಿರಲಿ. ತಲೆಕಟ್ಟು, ಇಳಿ, ಗುಡಿಸು, ಕೊಂಬು, ಏತ್ವಗಳು ಒಂದೊಂದು ಪ್ಲಾಸ್ಟಿಕ್ ಚೂರಿನ ಮೇಲಿರಲಿ. ಮಗು ಇಟ್ಟು ನೋಡಿ ಓದುತ್ತದೆ, ಆಮೇಲೆ ಬರೆಯುತ್ತದೆ. ಈ ಉಪಕರಣಕ್ಕೆ ಮಿತಿಯೂ ಇದೆ, ಪಾಠಕ್ಕೆ ಮೊದಲೇ ನೋಡಿಕೊಳ್ಳಿ. ‘ಪು’, ‘ವು’ಗಳಲ್ಲಿ ಕೊಂಬು ಕೆಳಗೆ ಇಳಿಯುತ್ತದೆ, ಪಕ್ಕದಲ್ಲಿ ಹಾಕಿದರೆ ‘ವು’ ‘ಮ’ದಂತೆ ಕಾಣುವ ಅಪಾಯವಿದೆ. ‘ಮಿ’, ‘ಯಿ’ಗಳಲ್ಲಿ ಗುಡಿಸು ಬಲತುದಿಗೆ ಬಾರದೆ ಅಕ್ಷರದ ಎಡಭಾಗದ ಮೇಲೆ ಕೂರುತ್ತದೆ. ಇಂಥವಕ್ಕೆ ಪ್ರತ್ಯೇಕ ಪಟ್ಟಿ ಬೇಕು.

ಇಡೀ ಕಾಗುಣಿತದ ಚಾರ್ಟು ಗೋಡೆಯ ಮೇಲಿದ್ದರೂ ಬರೆಯುವ ಹೊತ್ತಿಗೆ ಮಗು ಅದರಲ್ಲಿ ಹುಡುಕಲಾರದು. ಬೆರಳಗಲದ ಪಟ್ಟಿಯಲ್ಲಿ ಒಂದೊಂದು ಗುರುತಿಗೆ ಒಂದೇ ಪದ ಬರೆದು ನೋಟ್‌ಬುಕ್ಕಿಗೆ ಅಂಟಿಸಿ: ಗುಡಿಸಿಗೆ ಗಿಳಿ, ಕೊಂಬಿಗೆ ಕುರಿ, ಏತ್ವಕ್ಕೆ ಕೆರೆ, ಓತ್ವಕ್ಕೆ ಕೊಡೆ, ಸೊನ್ನೆಗೆ ರಂಗ.

ಒತ್ತಕ್ಷರದಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು ಕಿವಿಯದು. ‘ಅಕ’ ಮತ್ತು ‘ಅಕ್ಕ’, ‘ಹಳಿ’ ಮತ್ತು ‘ಹಳ್ಳಿ’ ಜೋಡಿಗಳನ್ನು ಹೇಳಿಸಿ, ಒತ್ತು ಇರುವಲ್ಲಿ ಮೇಜು ತಟ್ಟಿಸಿ. ತಟ್ಟಿದ ಕಡೆ ಬರಹದಲ್ಲಿ ‘ಬೇರು’ ಬರಬೇಕು ಎಂಬ ನಿಯಮ ಮಾಡಿ. ಎರಡನೆಯದು ಕಣ್ಣಿನದು. ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲ ಅಕ್ಷರವನ್ನು ಹೋಲುವುದಿಲ್ಲ. ಅಕ್ಷರ ಒಂದು ಚೀಟಿಯಲ್ಲಿ, ಅದರ ಒತ್ತು ಇನ್ನೊಂದರಲ್ಲಿ ಬರೆದು ಜೋಡಿ ಹುಡುಕುವ ಆಟ ಆಡಿಸಿ. ಅರ್ಕಾವೊತ್ತಿನ ಕಷ್ಟ ಇನ್ನೂ ಬೇರೆ. ‘ಸೂರ್ಯ’ ಎನ್ನುವಾಗ ರಕಾರ ಮೊದಲು ಕೇಳುತ್ತದೆ, ಬರೆಯುವಾಗ ಕೊನೆಗೆ ಬರುತ್ತದೆ. ಕೇಳಿದ ಕ್ರಮದಲ್ಲೇ ಬರೆಯುವ ಮಗು ಇಲ್ಲಿ ತಪ್ಪುವುದು ಸಹಜ. ಮೂರು ಚೀಟಿಗಳನ್ನು ಉಚ್ಚಾರದ ಕ್ರಮದಲ್ಲಿ ಇಡಿಸಿ, ನಡುವಿನ ಚೀಟಿಯನ್ನು ಮಗುವೇ ಎತ್ತಿ ಕೊನೆಗೆ ಇಡಲಿ. ‘ಹರ್ಷ’, ‘ಕಾರ್ಯ’, ‘ಮಾರ್ಗ’ ಹೀಗೆ ನಾಲ್ಕೈದು ಪದ ಮಾಡಿಸಿದರೆ ಈ ಜಿಗಿತ ಅರ್ಥವಾಗುತ್ತದೆ.

ಸ್ಲೇಟನ್ನು ಒಂದನೇ ತರಗತಿಗೇ ಬಿಡಬೇಡಿ. ಸ್ಲೇಟಿನ ಮೇಲಿನ ತಪ್ಪು ಒರೆಸಿದರೆ ಮುಗಿಯಿತು, ನೋಟ್‌ಬುಕ್ಕಿನ ಕೆಂಪು ಗುರುತಿನಂತೆ ಉಳಿಯುವುದಿಲ್ಲ. ಬರೆಯಲು ಹೆದರುವ ದೊಡ್ಡ ಮಗು ಮೊದಲು ಸ್ಲೇಟಿನಲ್ಲಿ ಬರೆದು ತಿದ್ದಿ, ಆಮೇಲೆ ಪುಸ್ತಕಕ್ಕೆ ಇಳಿಸಲಿ.

ವಾಕ್ಯಕ್ಕೆ ನೆರವು

ಹೇಳಲು ಬಂದದ್ದನ್ನು ಬರೆಯಲಾಗದ ಮಗುವಿಗೆ ಮಾತನ್ನು ಹಿಡಿದಿಡಲು ಏನಾದರೂ ಬೇಕು. ಒಂದು ವಾಕ್ಯ ಹೇಳಿ, ಪದಕ್ಕೊಂದರಂತೆ ಹುಣಸೆ ಬೀಜ ಇಡಲಿ. ‘ನಾನು ಅಜ್ಜನ ಜೊತೆ ಸಂತೆಗೆ ಹೋದೆ’ ಎಂದರೆ ಐದು ಬೀಜ. ಒಂದೊಂದು ಪದ ಬರೆದಂತೆ ಒಂದೊಂದು ಬೀಜ ಸರಿಸಲಿ. ಬೀಜ ಉಳಿದಿದ್ದರೆ ಪದ ಬಿಟ್ಟಿದೆ ಎಂದು ಮಗುವಿಗೇ ತಿಳಿಯುತ್ತದೆ.

ಹಳೆಯ ಕ್ಯಾಲೆಂಡರು, ಪತ್ರಿಕೆಗಳಿಂದ ಚಿತ್ರ ಕತ್ತರಿಸಿ ಲಕೋಟೆಯಲ್ಲಿ ಹಾಕಿ, ಜತೆಗೆ ಆ ಚಿತ್ರಕ್ಕೆ ಬೇಕಾದ ಎಂಟು ಹತ್ತು ಪದಗಳ ಚೀಟಿ ಇಡಿ. ಮಗು ಪದವನ್ನು ಹುಡುಕುವ ಶ್ರಮ ಉಳಿಸಿಕೊಂಡು ವಾಕ್ಯದ ಕಡೆ ಗಮನ ಕೊಡುತ್ತದೆ. ‘ಮೊದಲು’, ‘ಆಮೇಲೆ’, ‘ಏಕೆಂದರೆ’, ‘ಆದರೆ’, ‘ಕೊನೆಗೆ’ ಎಂಬ ಐದು ಪದಗಳ ಪಟ್ಟಿ ಒಂದು ಪ್ಯಾರಾ ಕಟ್ಟಲು ಸಾಕು. ಹೈಸ್ಕೂಲಿನ ವಿಜ್ಞಾನ, ಸಮಾಜ ವಿಜ್ಞಾನಗಳಲ್ಲಿ ಉತ್ತರದ ಚೌಕಟ್ಟು ಕೊಡಬಹುದು: ‘_____ ಎಂದರೆ _____. ಇದಕ್ಕೆ ಮುಖ್ಯ ಕಾರಣ _____. ಇದರಿಂದ _____.’ ಚೌಕಟ್ಟು ಕೊಟ್ಟರೂ ವಿಷಯ ತಿಳಿಯದವನು ಅದನ್ನು ತುಂಬಲಾರ, ತಿಳಿದವನು ತುಂಬಬಲ್ಲ. ನಾವು ಅಳೆಯಬೇಕಾದದ್ದೂ ಅದನ್ನೇ.

ಶಿಕ್ಷಕರ ಮೊಬೈಲಿನಲ್ಲಿ ಧ್ವನಿಮುದ್ರಣದ ಸೌಲಭ್ಯ ಇರುತ್ತದೆ. ಮಗು ತನ್ನ ಉತ್ತರವನ್ನು ಹೇಳಿ, ಒಂದೊಂದೇ ವಾಕ್ಯ ಕೇಳಿಸಿಕೊಂಡು ಬರೆಯಲಿ. ತನ್ನ ಮಾತನ್ನೇ ತಾನು ಉಕ್ತಲೇಖನವಾಗಿ ಬರೆದಂತೆ.

ಬಳಸುವಾಗ ಗಮನಿಸಬೇಕಾದ ಸಂಗತಿಗಳು

ಒಂದು ಸಲಕ್ಕೆ ಒಂದೇ ನೆರವು. ಹಿಡಿತ, ಇಳಿಜಾರು ಹಲಗೆ, ಗೆರೆಹಾಳೆ ಎಲ್ಲವನ್ನೂ ಒಂದೇ ದಿನ ಕೊಟ್ಟರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ. ದಿನಕ್ಕೆ ಹತ್ತು ನಿಮಿಷ ತಪ್ಪದೆ ಮಾಡುವುದು ವಾರಕ್ಕೊಮ್ಮೆ ಒಂದು ಗಂಟೆ ಮಾಡುವುದಕ್ಕಿಂತ ಒಳ್ಳೆಯದು.

ನೆರವು ಒಬ್ಬನಿಗೆ ಮಾತ್ರ ಎನ್ನಿಸಬಾರದು. ಎಲ್ಲ ಸಾಮಗ್ರಿಯನ್ನೂ ‘ಬರಹದ ಪೆಟ್ಟಿಗೆ’ ಎಂದು ತರಗತಿಯ ಮೂಲೆಯಲ್ಲಿಡಿ, ಬೇಕಾದವರು ತೆಗೆದುಕೊಳ್ಳಲಿ. ಮೊದಲ ವಾರ ಎಲ್ಲರೂ ಮುಗಿಬೀಳುತ್ತಾರೆ. ಆಮೇಲೆ ನಿಜವಾಗಿ ಬೇಕಾದವರ ಕೈಯಲ್ಲಿ ಅವು ಉಳಿಯುತ್ತವೆ, ಅಷ್ಟರಲ್ಲಿ ನಾಚಿಕೆಯೂ ಹೋಗಿರುತ್ತದೆ.

ಬರೆಯುವ ಪ್ರಮಾಣ ತಗ್ಗಿಸಿ, ವಿಷಯದ ಮಟ್ಟ ತಗ್ಗಿಸಬೇಡಿ. ಹತ್ತು ಪ್ರಶ್ನೆಗಳಲ್ಲಿ ನಾಲ್ಕನ್ನು ಬರೆಯಲಿ, ಆರನ್ನು ಬಾಯಲ್ಲಿ ಹೇಳಲಿ. ಉತ್ತರ ತಿದ್ದುವಾಗ ವಿಷಯಕ್ಕೆ ಬೇರೆ, ಬರಹಕ್ಕೆ ಬೇರೆ ಗುರುತು ಹಾಕಿ. ತಪ್ಪಿಗೆ ಶಿಕ್ಷೆಯಾಗಿ ನೂರು ಸಲ ಬರೆಸುವ ರೂಢಿ ಕೆಲವೆಡೆ ಇನ್ನೂ ಇದೆ. ಬರೆಯುವುದೇ ನೋವಾದ ಮಗುವಿಗೆ ಅದು ಪಾಠವಾಗುವುದಿಲ್ಲ, ಬರೀ ದಂಡನೆಯಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಊರುಗೋಲಿನಂತೆ ನೆರವನ್ನೂ ಕ್ರಮೇಣ ಬಿಡಿಸಬೇಕು. ಉಬ್ಬು ಗೆರೆಯಿಂದ ದಪ್ಪ ಗೆರೆಗೆ, ಅಲ್ಲಿಂದ ಸಾಮಾನ್ಯ ಗೆರೆಗೆ. ಬಿಡಿಸಿದಾಗ ಬರಹ ಮತ್ತೆ ಕೆಟ್ಟರೆ ಮರಳಿ ಕೊಡಿ. ಕೆಲವು ಮಕ್ಕಳಿಗೆ ಒಂದೆರಡು ನೆರವು ಯಾವಾಗಲೂ ಬೇಕಾಗಬಹುದು. ಕನ್ನಡಕ ಹಾಕಿದವರಿಗೆ ಯಾವಾಗ ತೆಗೆಯುತ್ತೀರಿ ಎಂದು ನಾವು ಕೇಳುವುದಿಲ್ಲ.

ಸಣ್ಣ ಮಕ್ಕಳು ಬೀಜವನ್ನು ಮೂಗಿಗೋ ಕಿವಿಗೋ ಹಾಕಿಕೊಳ್ಳುವುದುಂಟು. ಒಂದು, ಎರಡನೇ ತರಗತಿಯಲ್ಲಿ ಬೀಜದ ಬದಲು ಕಾಗದದ ಉಂಡೆ, ಬಾಟಲಿ ಮುಚ್ಚಳ ಬಳಸಿ.

ಉಪಕರಣ ಸಾಲದಿದ್ದಾಗ

ಒಂದು, ಎರಡನೇ ತರಗತಿಯಲ್ಲಿ ಅಕ್ಷರ ಅದಲುಬದಲಾಗುವುದು ಕಲಿಕೆಯ ಭಾಗ. ತಿಂಗಳುಗಟ್ಟಲೆ ನೆರವು ಕೊಟ್ಟ ಮೇಲೂ ದೊಡ್ಡ ಮಗುವಿನಲ್ಲಿ ಅದೇ ಉಳಿದರೆ ಮೊದಲು ಕಣ್ಣು, ಕಿವಿ ಪರೀಕ್ಷೆಯಾಗಬೇಕು. ನಂತರ ಮುಖ್ಯ ಶಿಕ್ಷಕರ ಮೂಲಕ ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರಿಗೆ, ಅಂದರೆ ಬಿಐಇಆರ್‌ಟಿಗೆ ತಿಳಿಸಬೇಕು. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ಕಲಿಕಾ ನ್ಯೂನತೆಯ ತಪಾಸಣೆ ನಡೆಯುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಡಿಸ್‌ಗ್ರಾಫಿಯಾ ಸೇರಿದಂತೆ ನಿರ್ದಿಷ್ಟ ಕಲಿಕಾ ನ್ಯೂನತೆಗಳನ್ನು ಅಂಗವೈಕಲ್ಯದ ಪಟ್ಟಿಯಲ್ಲಿ ಸೇರಿಸಿದೆ. ಅವನ್ನು ಬೇಗ ಗುರುತಿಸಬೇಕೆಂದು 16ನೇ ಸೆಕ್ಷನ್ನಿನಲ್ಲಿ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯುವ ಸಹಾಯಕರ ಸೌಲಭ್ಯ ಮುಂತಾದ ಮಾರ್ಪಾಡು ಮಾಡಬೇಕೆಂದು 17ನೇ ಸೆಕ್ಷನ್ನಿನಲ್ಲಿ ಹೇಳಿದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಹ‌ತ್ತಿರ ಬಂದಾಗ ಓಡಾಡಿದರೆ ಪ್ರಮಾಣಪತ್ರ ಕೈಗೆ ಸಿಗುವುದು ಕಷ್ಟ, ಎಂಟನೇ ತರಗತಿಯಲ್ಲೇ ಪೋಷಕರಿಗೆ ತಿಳಿಸಬೇಕು.

ನ್ಯೂನತೆ ಇದೆ ಎಂದು ಹೇಳುವ ಅಧಿಕಾರ ಮಾತ್ರ ಶಿಕ್ಷಕರದಲ್ಲ. ಪೋಷಕರೊಡನೆ ಮಾತಾಡುವಾಗ ರೋಗದ ಹೆಸರು ಬೇಡ. ‘ನಿಮ್ಮ ಮಗ ಚೆನ್ನಾಗಿ ಹೇಳ್ತಾನೆ, ಬರೆಯೋವಾಗ ಕೈ ಬೇಗ ಸೋಲುತ್ತೆ, ಒಂದ್ಸಲ ತೋರಿಸೋಣ’ ಎಂದರೆ ಸಾಕು.

ಬೋಧನಾಭ್ಯಾಸ ಮುಗಿಸಿ ಬರುವಾಗ

ನಾವು ಶಾಲೆಯಲ್ಲಿರುವುದು ಕೆಲವು ವಾರ. ಮಗು ಅಲ್ಲಿರುವುದು ವರ್ಷಗಟ್ಟಲೆ. ಆದ್ದರಿಂದ ಮೊದಲ ವಾರದ ನಾಲ್ಕು ಮಾದರಿಗಳನ್ನು ದಿನಾಂಕ ಹಾಕಿ ಇಟ್ಟುಕೊಳ್ಳಿ, ಕೊನೆಯ ವಾರ ಅಂಥದೇ ನಾಲ್ಕನ್ನು ಪಡೆಯಿರಿ. ಎಷ್ಟು ಪದ ಬರೆದ, ಎಷ್ಟು ಓದುವಂತಿವೆ, ಎಷ್ಟು ಹೊತ್ತಿಗೆ ಕೈ ನಿಲ್ಲಿಸಿದ ಎಂದು ಎಣಿಸಿ ಬರೆದರೆ ಅದೇ ನಿಮ್ಮ ಕ್ರಿಯಾ ಸಂಶೋಧನೆಯ ದತ್ತಾಂಶ. ಬದಲಾವಣೆ ಕಾಣದಿದ್ದರೆ ಅದನ್ನೂ ಹಾಗೇ ದಾಖಲಿಸಿ; ಯಾವ ನೆರವು ಆಗಿಬರಲಿಲ್ಲ ಎಂಬುದು ಮುಂದಿನವರಿಗೆ ಉಪಯುಕ್ತ ಮಾಹಿತಿ.

ಕೊನೆಯ ದಿನ ಬರಹದ ಪೆಟ್ಟಿಗೆಯನ್ನು ಶಾಲೆಯಲ್ಲೇ ಬಿಟ್ಟು ಬನ್ನಿ. ಅದರೊಳಗೆ ಒಂದು ಪುಟದ ಟಿಪ್ಪಣಿ ಇರಲಿ: ಯಾವ ಮಗುವಿಗೆ ಯಾವ ನೆರವು ಕೊಟ್ಟಿರಿ, ಎಲ್ಲಿಗೆ ಬಂದಿದೆ, ಮುಂದೆ ಏನು ಬಿಡಿಸಬೇಕು. ಅದನ್ನು ಓದಿ ತರಗತಿ ಶಿಕ್ಷಕರು ಮರುದಿನ ಬೆಳಿಗ್ಗೆ ಆ ಮಗುವಿಗೆ ಗೆರೆಹಾಳೆಯನ್ನು ಎತ್ತಿ ಕೊಡುವಂತಿದ್ದರೆ ನಿಮ್ಮ ಉಪಕರಣ ಕೆಲಸ ಮಾಡಿದೆ ಎಂದು ತಿಳಿಯಿರಿ.